ಆರ್ಸೆನಿಕ್ ಹೀರುವ ಗಿಡ ಸರಿ, ಮೊದಲು ಬೋರ್‌ವೆಲ್ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಗಣಿ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಇದಕ್ಕಾಗಿಯೇ ಸುದ್ದಿಯಾಗಿತ್ತು. ಲೀಟರ್‌ ನೀರಿಗೆ 10 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ಮಾನದಂಡ. ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲದ ವಿಷ ಇದು. ಕಾಯಿಸಿ ಕುಡಿಯಿರಿ ಎಂದು ಸುಮ್ನೆ ಹೇಳುವವರಿದ್ದಾರೆ. ಕಾಯಿಸಿದರೆ ನೀರು ಆವಿಯಾಗಿ ವಿಷದ ಸಾಂದ್ರತೆ ಜಾಸ್ತಿಯೇ ಆಗುತ್ತದೆ!

ಈ ವಿಷ ತೆಗೆಯಲು, ಪತ್ತೆಹಚ್ಚಲು ಜೈವಿಕ ದಾರಿಗಳಿವೆ. ಆರ್ಸೆನಿಕ್‌ನ ಒಂದು ರೂಪವಾದ ಆರ್ಸೆನೈಟ್ ಫಿಲ್ಟರ್‌ಗೆ ಸುಲಭವಾಗಿ ಸಿಗುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಆರ್ಸೆನೇಟ್ ಎಂಬ ಇನ್ನೊಂದು ರೂಪಕ್ಕೆ ಬದಲಿಸುತ್ತವೆ. ಆಮೇಲೆ ಅದು ಕಬ್ಬಿಣದ ತುಕ್ಕಿಗೆ ಅಂಟುತ್ತದೆ, ಮರಳಿನಲ್ಲಿ ಸೋಸಬಹುದು. ಟೆರಿಸ್ ವಿಟಾಟಾ ಎಂಬ ಜರಿಗಿಡ ಆರ್ಸೆನಿಕ್ ಹೀರುತ್ತದೆಂದು ಫ್ಲಾರಿಡಾದ ವಿಜ್ಞಾನಿಗಳು 2001ರಲ್ಲೇ ತೋರಿಸಿದ್ದಾರೆ. ವಿಷ ಕಂಡರೆ ಸಂಕೇತ ಕೊಡುವಂತೆ ಇ. ಕೋಲಿ ಬ್ಯಾಕ್ಟೀರಿಯಾವನ್ನೂ ಲ್ಯಾಬ್‌ಗಳಲ್ಲಿ ಮಾರ್ಪಡಿಸಿದ್ದಾರೆ.

ಆದರೆ ಗಿಡ ಹೀರಿದ ವಿಷ ಎಲೆಯಲ್ಲೇ ಉಳಿಯುತ್ತದೆ. ಅದನ್ನು ದನ ಮೇಯ್ದರೆ? ಕತ್ತರಿಸಿದ ಎಲೆ, ಸೋಸಿದ ಕೆಸರು ಎಲ್ಲಿ ಹಾಕುವುದು? ಇದಕ್ಕೆ ಉತ್ತರ ಇಟ್ಟುಕೊಂಡೇ ಒಂದು ತಾಂಡಾದಲ್ಲಿ ಪ್ರಯೋಗ ಶುರುಮಾಡಲಿ. ಅಲ್ಲಿಯವರೆಗೆ ಪ್ರತಿ ಬೋರ್‌ವೆಲ್ ಪರೀಕ್ಷಿಸಿ, ಬಾಂಗ್ಲಾದೇಶದಲ್ಲಿ ಮಾಡಿದಂತೆ ವಿಷವಿದ್ದವಕ್ಕೆ ಕೆಂಪು, ಇಲ್ಲದವಕ್ಕೆ ಹಸಿರು ಬಣ್ಣ ಬಳಿಯಲಿ. ಇದಕ್ಕೆ ಜಾಸ್ತಿ ಖರ್ಚೇನೂ ಬೇಕಿಲ್ಲ, ಅಲ್ವಾ?

– ಓದುಗ, ಸುರಪುರ