ಅಂಚಿನ ಗೆರೆ ತಿದ್ದಿದವರಿಗೆ

ನಾನು ಬಣ್ಣ ಹಚ್ಚುತ್ತಿರುವ 28 ಮಿಲಿಮೀಟರ್ ಅಳತೆಯ ಪುಟ್ಟ ಸೈನಿಕ ಗೊಂಬೆಗಳನ್ನು ಕಂಡು ನಗದೆ, ತಪ್ಪು ಎಲ್ಲಿದೆ ಎಂದು ತೋರಿಸಿಕೊಟ್ಟ ನಿಮಗೆ ಧನ್ಯವಾದಗಳು. ಹೆಸರು ಕೇಳುವುದನ್ನೇ ಮರೆತೆ.

ಕವಚದ ಅಂಚು ಹೊಳೆಯುವಂತೆ ಕಾಣಲು ಕುಂಚದ ತುದಿಯಿಂದ ತಿಳಿಬಣ್ಣದ ಗೆರೆ ಎಳೆಯಲು ಹೆಣಗುತ್ತಿದ್ದೆ. ತುದಿಯಲ್ಲ, ಕುಂಚದ ಪಕ್ಕವನ್ನು ತಾಗಿಸಿ ಸವರಿ ಎಂದಿರಿ. ಬಣ್ಣಕ್ಕೆ ತುಸು ನೀರು, ಹೆಚ್ಚಾದದ್ದನ್ನು ಕಾಗದಕ್ಕೆ ಒರೆಸುವುದು. ಅಷ್ಟಕ್ಕೇ ಕೈನಡುಕ ಅರ್ಧ ಮರೆಯಾಯಿತು! ಬೆಳಕು ಬೀಳುವ ಮೇಲಂಚುಗಳಿಗೆ ಮಾತ್ರ ಗೆರೆ ಸಾಕೆಂಬುದೂ ನನಗೆ ಹೊಸದು. ಎಲ್ಲ ಅಂಚಿಗೂ ಎಳೆದು ಸೈನಿಕರನ್ನು ತಂತಿಯ ಪಂಜರಗಳಂತೆ ಮಾಡಿಟ್ಟಿದ್ದೆ.

ಕೆಂಪನ್ನು ತಿಳಿಯಾಗಿಸಲು ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ, ಕಿತ್ತಳೆ ಬೆರೆಸಿ ಎಂಬ ಮಾತಂತೂ (ಅದಾಗಲೇ ಐವರು ಗುಲಾಬಿಯಾಗಿದ್ದರು) ನನ್ನ ಪಡೆಯ ಮಾನ ಉಳಿಸಿತು. ನೀಲಿ ಕವಚದ ಮೇಲೆ ನೀವು ಸೂಚಿಸಿದ ಕಿತ್ತಳೆ ಗರಿ ದೂರದಿಂದಲೇ ಕಣ್ಣು ಸೆಳೆಯುತ್ತಿದೆ. ಕುದುರೆಗಳಿನ್ನೂ ಬಾಕಿ ಇವೆ.