ಪೋಷಕರಿಗೆ ಪತ್ರ: ಇಂಜಿನ್ ಹಿಂದಿನ ಗಾಡಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಏಳನೇ ತರಗತಿಯ ಮಕ್ಕಳನ್ನು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದೇವೆ. 1979ರಲ್ಲಿ ಶುರುವಾದ ಜಾಗ ಅದು, ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅಲ್ಲಿಗೆ ಹೋದವರೆಲ್ಲ ಉಗಿ ಇಂಜಿನ್ನಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಅಲ್ವಾ? ಈ ಸಲ ಮಕ್ಕಳು ಹಿಂದಕ್ಕೂ ಹೋಗಿ ನೋಡಲಿ ಅಂತ ನನ್ನ ಆಸೆ. ಇಂಜಿನ್ನಿಗೆ ಅಂಟಿಕೊಂಡಿರುವ ಗಾಡಿಗೆ ಟೆಂಡರ್ ಅಂತ ಹೆಸರು.

ಇಂಜಿನ್ನಿನ ಊಟ, ನೀರು ಎರಡೂ ಅದರಲ್ಲೇ. ನಡುವೆ ಕಲ್ಲಿದ್ದಲು, ಅದರ ಸುತ್ತ ನೀರಿನ ತೊಟ್ಟಿ. ಕಲ್ಲಿದ್ದಲಿನ ಕೆಳಗಿನ ತಳ ಇಂಜಿನ್ ಕಡೆಗೆ ಇಳಿಜಾರಾಗಿರುತ್ತದೆ, ಖಾಲಿಯಾದಂತೆ ಹಿಂದಿನದು ಮುಂದಕ್ಕೆ ಜಾರಲಿ ಅಂತ.

ಬ್ರಿಟಿಷರ ಕಾಲದಲ್ಲಿ, 1903ರ ನಂತರ, ಭಾರತದ ಬ್ರಾಡ್‌ಗೇಜ್ (ಅಗಲ ಅಂತರದ) ಹಳಿಗಳಿಗೆಂದೇ ಇಂಜಿನ್‌ಗಳ ಮಾದರಿಗಳನ್ನು ಗೊತ್ತು ಮಾಡಿದರು. ಆ ಕಾಲದ ದೊಡ್ಡ ಟೆಂಡರ್‌ನಲ್ಲಿ 3000ದಿಂದ 4000 ಗ್ಯಾಲನ್ ನೀರು ಹಿಡಿಯುತ್ತಿತ್ತು. ಬೇಸಿಗೆಯಲ್ಲಿ ನಾವು ತರಿಸುವ 6000 ಲೀಟರಿನ ಟ್ಯಾಂಕರ್ ಎರಡು ಮೂರು ಬಂದರೆ ಅದು ತುಂಬೀತು. ಅಷ್ಟಿದ್ದರೂ ದಾರಿಯಲ್ಲಿ ಮತ್ತೆ ಮತ್ತೆ ನೀರು ತುಂಬಿಸಬೇಕಿತ್ತು. ಕೆಲಸ ಮುಗಿಸಿದ ಉಗಿ ಹೊಗೆಯ ಜೊತೆ ಆಕಾಶಕ್ಕೆ ಹೋಗುತ್ತಿತ್ತು, ಮತ್ತೆ ನೀರಾಗಿ ವಾಪಸ್ ಬರುತ್ತಿರಲಿಲ್ಲ. ಹಳೆಯ ಸ್ಟೇಷನ್‌ಗಳಲ್ಲಿ ಆನೆಯ ಸೊಂಡಿಲಿನ ಹಾಗೆ ಬಾಗಿದ ಕಬ್ಬಿಣದ ಕೊಳವೆ ಇರುತ್ತಿತ್ತಲ್ಲ, ಅದು ಇದಕ್ಕೇ. ಮೈಸೂರಿನ ಕಡೆ ಆಗ ಇದ್ದದ್ದು ಮೀಟರ್‌ಗೇಜ್, ಅಂದರೆ ಅದಕ್ಕಿಂತ ಕಿರಿದಾದ ಹಳಿ. ಟೆಂಡರ್‌ಗಳೂ ಅದಕ್ಕೆ ತಕ್ಕ ಹಾಗೆ ಚಿಕ್ಕವು.

ಊಟಿ ಬೆಟ್ಟ ಹತ್ತುವ ಉಗಿ ಇಂಜಿನ್ನಿಗೆ ಟೆಂಡರ್ ಇಲ್ಲ, ನೀರನ್ನು ತನ್ನ ಮೈಮೇಲೇ ಹೊರುತ್ತದೆ. ಇಂಥ ಇಂಜಿನ್‌ಗಳಲ್ಲಿ ನೀರು ಖಾಲಿಯಾದಂತೆ ಚಕ್ರದ ಮೇಲಿನ ಭಾರ ಕಮ್ಮಿಯಾಗುತ್ತದೆ. ಟೆಂಡರ್ ಇದ್ದರೆ ಹಗುರವಾಗುವುದು ಟೆಂಡರ್ ಮಾತ್ರ. ಹಾಗಾದರೆ ಹಳಿಯ ಮೇಲೆ ಯಾವುದರ ಹಿಡಿತ ಹೆಚ್ಚು ಹೊತ್ತು ಗಟ್ಟಿಯಾಗಿರುತ್ತದೆ? ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನು ಕೇಳಿ. ಉತ್ತರ ನೀವೇ ಹೇಳಿಬಿಡಬೇಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಅಲ್ಲಿ ದುಡಿದ ಜನ. ಆ ಕಾಲದ ಮೇಲ್ ಗಾಡಿಗಳ ಡ್ರೈವರ್‌ಗಳು ಹೆಚ್ಚಾಗಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು. ಟೆಂಡರ್‌ನಲ್ಲಿ ನಿಂತು ಕಲ್ಲಿದ್ದಲು ಒಡೆದು, ಸಲಿಕೆಯಿಂದ ಬೆಂಕಿಗೆ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮ ಊರುಗಳ ಜನ. ಮುಂದೆ ಕುಲುಮೆಯ ಝಳ, ಮೇಲೆ ಬಿಸಿಲು, ಕಾಲಡಿ ಅಲುಗಾಡುವ ನೆಲ. ಮ್ಯೂಸಿಯಂನಲ್ಲಿ ಮಕ್ಕಳು ಇಂಜಿನ್ನಿಗೂ ಟೆಂಡರ್‌ಗೂ ನಡುವಿನ ಆ ಚಿಕ್ಕ ಜಾಗದ ಪಕ್ಕ ಐದು ನಿಮಿಷ ಸುಮ್ನೆ ನಿಲ್ಲಬೇಕು ಅಂತ ಶಿಕ್ಷಕರಿಗೆ ಹೇಳಿದ್ದೇನೆ.

ನಿಮ್ಮ ಮನೆಯಲ್ಲಿ ಅಜ್ಜ, ಮುತ್ತಜ್ಜ ಯಾರಾದರೂ ಫೈರ್‌ಮನ್ (ಬೆಂಕಿಗೆ ಕಲ್ಲಿದ್ದಲು ಹಾಕುವವರು) ಆಗಿಯೋ ಇಂಜಿನ್ ರಿಪೇರಿಯ ಲೋಕೋ ಶೆಡ್‌ನಲ್ಲೋ ಕೆಲಸ ಮಾಡಿದ್ದರೆ ಅವರ ಬಗ್ಗೆ ಒಂದು ಪುಟ ಬರೆದು ಕಳಿಸಿ. ಹಳೆಯ ಫೋಟೊ ಇದ್ದರೆ ಅದರ ನಕಲು ಸಾಕು.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕೊಡಿ. ಬಸ್ಸು ಬೆಳಿಗ್ಗೆ 7:30ಕ್ಕೆ ಹೊರಡುತ್ತದೆ. ಬುತ್ತಿ, ನೀರಿನ ಬಾಟಲಿ, ಟೋಪಿ ಮರೆಯಬೇಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ