ಆಪರೇಷನ್ ಆದ ಮೇಲಿನ ದಿನಗಳನ್ನು ಕಾದವರಿಗೆ

ಅಪ್ಪನ ಅನ್ನನಾಳದ ಕ್ಯಾನ್ಸರ್ ಆಪರೇಷನ್‌ಗೆ ಈ ವಾರ ಒಂದು ವರ್ಷ ತುಂಬಿತು. ಸರ್ಜನ್‌ಗೆ ಮೊದಲ ನಮಸ್ಕಾರ. ಆದರೆ ಈ ಆಪರೇಷನ್ನಿನ ಫಲ ಥಿಯೇಟರಿನಲ್ಲೇ ಪೂರ್ತಿ ನಿರ್ಧಾರವಾಗುವುದಿಲ್ಲ, ವಾರ್ಡಿನಲ್ಲಿಯೂ ಆಗುತ್ತದೆ. ಈ ಬರಹ ಅಲ್ಲಿ ದುಡಿದವರಿಗೆ.

ಅನ್ನನಾಳದ ಬಹುಭಾಗ ತೆಗೆದು, ಜಠರವನ್ನೇ ಕೊಳವೆಯಂತೆ ಮಾಡಿ, ಎದೆಯೊಳಗೋ ಕುತ್ತಿಗೆಯಲ್ಲೋ ಜೋಡಿಸುತ್ತಾರೆ. ಆ ಕೊಳವೆ ಬದುಕುವುದು ಮುಖ್ಯವಾಗಿ ಜಠರದ ಬಲಬದಿಯ ಒಂದೇ ರಕ್ತನಾಳದ ಆಸರೆಯಲ್ಲಿ. ಹೊಲಿಗೆ ಬೀಳುವುದು ರಕ್ತ ಅತಿ ಕಡಿಮೆ ತಲುಪುವ ತುದಿಯಲ್ಲಿ. ಅದಕ್ಕೇ ಪರಿಣತ ಕೇಂದ್ರಗಳಲ್ಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಜೋಡಣೆ ಸೋರುತ್ತದೆ. ಕುತ್ತಿಗೆಯಲ್ಲಿ ಸೋರಿದರೆ ಗಾಯ ಬಿಡಿಸಿ ಡ್ರೆಸ್ಸಿಂಗ್ ಮಾಡುತ್ತಾ ಹೋದರೆ ಸಾಮಾನ್ಯವಾಗಿ ಮಾಯುತ್ತದೆ; ಎದೆಯೊಳಗೆ ಸೋರಿದರೆ ಜೀವಕ್ಕೇ ಅಪಾಯ. ಜ್ವರ, ಏರಿದ ನಾಡಿ, ಹೊಸದಾಗಿ ತಾಳ ತಪ್ಪಿದ ಹೃದಯಬಡಿತ, ಡ್ರೈನಿನಲ್ಲಿ (ಒಳಗಿನ ದ್ರವ ಹೊರಹಾಕುವ ಕೊಳವೆಯಲ್ಲಿ) ಬದಲಾದ ಬಣ್ಣ, ಇವು ಮೊದಲ ಸುಳಿವು. ರಾತ್ರಿ ಪಾಳಿಯ ಸಿಸ್ಟರ್‌ಗಳೇ, ನಾಡಿ ಏರಿದ್ದನ್ನು ‘ನೋವಿಗಿರಬೇಕು’ ಎಂದು ಬಿಡದೆ ಡಾಕ್ಟರನ್ನು ಎಬ್ಬಿಸುವ ನಿಮ್ಮ ಹಟಕ್ಕೆ ನಾವು ಋಣಿ.

ಸೋರಿಕೆಯಷ್ಟೇ ಕಾಡುವುದು ನ್ಯುಮೋನಿಯಾ. ಎದೆಯ ಗಾಯದ ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಕಟ್ಟುತ್ತದೆ. ಧ್ವನಿಯ ನರಕ್ಕೆ ಪೆಟ್ಟಾಗಿದ್ದರೆ ದನಿ ಒಡೆಯುತ್ತದೆ, ಎಂಜಲೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಯೂರೋಪಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೊದಲ ಎರಡು ವಾರಗಳಲ್ಲಿ ಶ್ವಾಸಕೋಶದ ಸೋಂಕು ತೆರೆದ ಆಪರೇಷನ್ ಆದವರಲ್ಲಿ 29%, ಕೀಹೋಲ್ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಆದವರಲ್ಲಿ 9%. ಯಾವುದೇ ವಿಧಾನವಾದರೂ ಫಿಸಿಯೋ ಬೇಕೇ ಬೇಕು. ಬೀಡಿ ಸಿಗರೇಟನ್ನು ವಾರಗಳ ಮೊದಲೇ ಬಿಡಿಸಿ, ಆಪರೇಷನ್ನಿಗೂ ಮುಂಚೆಯೇ ಸ್ಪೈರೋಮೀಟರ್ (ಆಳವಾಗಿ ಉಸಿರೆಳೆಯುವ ಅಭ್ಯಾಸದ ಸಾಧನ) ಕಲಿಸಿ, ಮರುದಿನವೇ ಕುರ್ಚಿಯಲ್ಲಿ ಕೂರಿಸಿ, ಗಾಯಕ್ಕೆ ದಿಂಬು ಒತ್ತಿ ಕೆಮ್ಮಿಸಿದ ಫಿಸಿಯೋದವರಿಗೆ ತುಂಬು ಹೃದಯದ ವಂದನೆ.

ಆಪರೇಷನ್‌ಗೆ ಮೊದಲಿನ ಕೀಮೋ, ರೇಡಿಯೇಷನ್ ಬಳಗವನ್ನು ಮರೆಯಲಾದೀತೇ? ನೆದರ್ಲೆಂಡ್ಸಿನ ಕ್ರಾಸ್ ಪ್ರಯೋಗದಲ್ಲಿ 5 ವಾರ ಕೀಮೋ ಜೊತೆಗೆ 23 ಸಲ ರೇಡಿಯೇಷನ್ ಪಡೆದವರ ಮಧ್ಯಕ ಬದುಕು (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಬದುಕಿದ ಅವಧಿ) ಸುಮಾರು 49 ತಿಂಗಳು, ನೇರ ಆಪರೇಷನ್ ಆದವರದು 24. ನಮ್ಮಲ್ಲಿ ಹೆಚ್ಚಾಗಿ ಕಾಣುವ ಸ್ಕ್ವಾಮಸ್ (ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ) ಬಗೆಯಲ್ಲಿ ಲಾಭ ಇನ್ನೂ ದೊಡ್ಡದು.

ಆಸ್ಪತ್ರೆ ಹುಡುಕುತ್ತಿರುವ ಮನೆಯವರು ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ: ಇಲ್ಲಿ ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಆಗುತ್ತವೆ? 2002ರ ಅಮೆರಿಕದ ಅಧ್ಯಯನವೊಂದರಲ್ಲಿ ಅತಿ ಕಡಿಮೆ ಮಾಡುವ ಆಸ್ಪತ್ರೆಗಳಲ್ಲಿ ಸಾವು ಸುಮಾರು 20%, ಅತಿ ಹೆಚ್ಚು ಮಾಡುವಲ್ಲಿ ಸುಮಾರು 8%. ಈಗ ಒಳ್ಳೆಯ ಕೇಂದ್ರಗಳಲ್ಲಿ ಅದು ಇನ್ನೂ ಬಹಳ ಇಳಿದಿದೆ.

ಡಯಟಿಷಿಯನ್ ಅಕ್ಕನಿಗೆ ವಿಶೇಷ ಧನ್ಯವಾದ. ಸಣ್ಣ ಕರುಳಿಗೆ ಹಾಕಿದ ಟ್ಯೂಬಿನಲ್ಲಿ ಆಹಾರ ಕೊಡುವುದನ್ನು ನಮಗೆ ಕಲಿಸಿ ಕಳಿಸಿದರು. ಆಮೇಲೆ ದಿನಕ್ಕೆ ಆರರಿಂದ ಎಂಟು ಸಲ, ಸಲಕ್ಕೆ ಸ್ವಲ್ಪವೇ ಊಟ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಸಿಹಿ ಹೆಚ್ಚಾದರೆ ಬೆವರು, ತಲೆಸುತ್ತು, ಭೇದಿ. ಆಮ್ಲ ಮೇಲೇರದಂತೆ ತಡೆಯುವ ಕವಾಟ ಈಗಿಲ್ಲದ್ದರಿಂದ ಮಂಚದ ತಲೆಭಾಗ ಎತ್ತಿಯೇ ಮಲಗಬೇಕು. ತಿಂಗಳುಗಳ ಮೇಲೆ ಅನ್ನ ಸಿಕ್ಕಿಕೊಳ್ಳತೊಡಗಿದರೆ ಕ್ಯಾನ್ಸರೇ ಮರಳಿತೆಂದು ಎದೆಗುಂದಬೇಡಿ, ಸುಮ್ಮನೆ ಕೂರಲೂ ಬೇಡಿ. ಎಷ್ಟೋ ಸಲ ಅದು ಜೋಡಣೆ ಮಾಯುವಾಗ ಬಿಗಿದುಕೊಂಡದ್ದು. ಎಂಡೋಸ್ಕೋಪಿಯಲ್ಲಿ ನೋಡಿ ಬಲೂನಿನಿಂದ ಹಿಗ್ಗಿಸುತ್ತಾರೆ. ಆ ಕೋಣೆಯ ಬಳಗಕ್ಕೂ ನಮ್ಮ ಮನೆಯವರೆಲ್ಲರ ನಮಸ್ಕಾರ.